ಸ್ಟ್ರಾಬೆರಿ ಮರ ಮತ್ತು ಅದರ ದಾಯಾದಿ

ಸ್ಟ್ರಾಬೆರಿ ಮರ ಅಂದ ಕೂಡಲೇ ಮಹಾಬಳೇಶ್ವರದ ಹಣ್ಣಿನ ಬುಟ್ಟಿ ನೆನಪಾಯಿತೇ? ಅದನ್ನು ಬದಿಗಿಡಿ. ಆ ಸ್ಟ್ರಾಬೆರಿ ಗುಲಾಬಿಯ ಬಳಗ. ಈ ಮರ, ಅಂದ್ರೆ ಅರ್ಬ್ಯುಟಸ್ ಯುನೆಡೊ, ರೋಡೊಡೆಂಡ್ರಾನ್ ಬಳಗ. ಹೋಲಿಕೆ ಹಣ್ಣಿನ ಬಣ್ಣದಲ್ಲಿ ಮಾತ್ರ.

ತವರು ಮೆಡಿಟರೇನಿಯನ್ ತೀರ. ಐರ್ಲೆಂಡಿನ ಕಿಲಾರ್ನಿಯಲ್ಲೂ ತಾನಾಗಿ ಬೆಳೆಯುತ್ತೆ. ತೋಟದವರು ಇದನ್ನು ಮೆಚ್ಚೋದು ಬರೀ ನಿತ್ಯಹಸಿರು ಅಂತಲ್ಲ. ಅಕ್ಟೋಬರ್-ನವೆಂಬರಿನಲ್ಲಿ ಬಿಟ್ಟ ಹೂವು ಹಣ್ಣಾಗಿ ಮಾಗಲು ಸುಮಾರು 12 ತಿಂಗಳು ಬೇಕು. ಅಷ್ಟರಲ್ಲಿ ಮತ್ತೆ ಹೂ ಬಂದೇ ಬಿಡುತ್ತೆ! ಹೋದ ವರ್ಷದ ಕೆಂಪು ಹಣ್ಣು, ಈ ವರ್ಷದ ಬಿಳಿ ಹೂಗೊಂಚಲು ಒಂದೇ ಕೊಂಬೆಯಲ್ಲಿ. ರುಚಿ? ಸಪ್ಪೆ. 'ಯುನೆಡೊ' ಅಂದ್ರೆ 'ಒಂದೇ ತಿನ್ನುತ್ತೇನೆ' ಎಂದು ರೋಮಿನ ಪ್ಲಿನಿ ಅರ್ಥ ಹೇಳಿದ್ದ. ಪೋರ್ಚುಗಲ್ಲಿನವರು ಮಾತ್ರ ಹಣ್ಣನ್ನು ಹುಳಿ ಬರಿಸಿ ಭಟ್ಟಿ ಇಳಿಸ್ತಾರೆ.

ಇದರ ಅಮೆರಿಕದ ದಾಯಾದಿ ಮಡ್ರೋನ್. ಬ್ರಿಟಿಷ್ ಕೊಲಂಬಿಯಾದಿಂದ ಕ್ಯಾಲಿಫೋರ್ನಿಯಾವರೆಗಿನ ಪಶ್ಚಿಮ ಕರಾವಳಿಯದು. 1792ರಲ್ಲಿ ವಾಂಕೂವರನ ಹಡಗಿನಲ್ಲಿ ಬಂದ ಆರ್ಚಿಬಾಲ್ಡ್ ಮೆನ್ಝೀಸನ ಹೆಸರು ಇದರ ಶಾಸ್ತ್ರೀಯ ನಾಮದಲ್ಲಿದೆ. ಕಿತ್ತಳೆಗೆಂಪು ತೊಗಟೆ ಕಾಗದದಂತೆ ಸುಲಿದು ಒಳಗಿನ ನುಣುಪು ಹಸಿರು ಕಾಣುತ್ತೆ. ನೋಡಿದವರಿಗೆಲ್ಲ ಮನೆಗೆ ತರುವ ಆಸೆ. ತೊಡಕಿರೋದೇ ಇಲ್ಲಿ. ಬೇರು ಅಲುಗಿದರೆ ಇದು ಸಹಿಸದು. ದೊಡ್ಡ ಗಿಡ ಕಿತ್ತು ನೆಟ್ಟರೆ ಉಳಿಯೋದು ಅಪರೂಪ. ಪುಟ್ಟ ಸಸಿಯನ್ನೇ, ನೀರು ನಿಲ್ಲದ ಕಡೆ ನೆಡಬೇಕು. ಬೇರೂರಿದ ಮೇಲೆ ಬೇಸಿಗೆಯಲ್ಲಿ ನೀರು ಹಾಕಬಾರದು. ಅದರ ನಾಡಿನಲ್ಲಿ ಮಳೆ ಬರೋದು ಚಳಿಗಾಲಕ್ಕೆ, ಬೇಸಿಗೆ ಒಣ. ಮಣ್ಣು ಬೆಚ್ಚಗೂ ಒದ್ದೆಯಾಗಿಯೂ ಇದ್ದರೆ ಬೇರು ಕೊಳೆಯುತ್ತೆ. ಹುಲ್ಲುಹಾಸಿನ ನಡುವೆ ನಿಂತ ಹಳೆಯ ಮಡ್ರೋನ್, ಮನೆಯವರು ಹುಲ್ಲಿಗೆಂದು ಬಿಟ್ಟ ನೀರಿನಿಂದಲೇ ಸಾಯೋದುಂಟು.