ಶಾಸಕರ ಬಾಯಲ್ಲಿ ನಮ್ಮೂರಿನ ಪ್ರಶ್ನೆ

ಶಾಸಕರು ಊರಿಗೆ ಬಂದಾಗ ಹಾರ ಹಾಕಿ, ಮನವಿ ಕೊಟ್ಟು, ಫೋಟೊ ತೆಗೆಸಿಕೊಂಡು ಕಳಿಸುವುದು ನಮ್ಮ ಚಿತ್ರದುರ್ಗದ ಸೀಮೆಯಲ್ಲೂ ನಡೆದುಬಂದ ರೂಢಿ. ಆ ಮನವಿ ಕಾರಿನ ಹಿಂದಿನ ಸೀಟಿನಲ್ಲಿ ಉಳಿದ ಮನವಿಗಳ ರಾಶಿಗೆ ಸೇರುತ್ತದೆ. ಅದೇ ಸಂಗತಿಯನ್ನು ಅವರು ಸದನದಲ್ಲಿ ಪ್ರಶ್ನೆಯಾಗಿ ಕೇಳಿದರೆ ಆಟವೇ ಬೇರೆ. ಉತ್ತರ ತಯಾರಿಸಲು ಬೆಂಗಳೂರಿನ ಸಚಿವಾಲಯದಿಂದ ಜಿಲ್ಲಾ ಕಚೇರಿಗೆ, ಅಲ್ಲಿಂದ ತಾಲ್ಲೂಕಿನ ಎಂಜಿನಿಯರ್ ಮೇಜಿಗೆ ಕಾಗದ ಬರುತ್ತದೆ. ಗಡುವಿನೊಳಗೆ ಅವರು ಅಂಕಿ ಬರೆದು ಕಳಿಸಬೇಕು. ಆ ಅಂಕಿ ಸಚಿವರ ಉತ್ತರವಾಗಿ ಅಚ್ಚಾಗಿ ದಾಖಲೆಗೆ ಸೇರುತ್ತದೆ. ನಾಳೆ ಯಾರೂ ‘ಹಾಗೆ ಹೇಳಿಲ್ಲ’ ಎನ್ನುವಂತಿಲ್ಲ.

ಇದು ಹೊಸತೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದಾಗಿನಿಂದ ಜಿಲ್ಲೆಗಳ ಪ್ರತಿನಿಧಿಗಳು ಕೆರೆ, ರಸ್ತೆ, ಕಂದಾಯದ ಕಷ್ಟಗಳನ್ನು ಸರ್ಕಾರದ ಮುಂದಿಡುತ್ತ ಬಂದಿದ್ದಾರೆ. ಹೊಸತೆಂದರೆ, ಈಗ ಆ ಪ್ರಶ್ನೆಯ ಕರಡನ್ನು ಹಳ್ಳಿಯಲ್ಲೇ ಬರೆಯಬಹುದು. ಮೊದಲ ಸಲ ಗೆದ್ದ ಗ್ರಾಮ ಪಂಚಾಯ್ತಿ ಸದಸ್ಯರು, ಸ್ತ್ರೀಶಕ್ತಿ ಸಂಘದವರು, ಊರಿನ ಓದಿದ ಹುಡುಗರು ಯಾರೇ ಆಗಲಿ, ಮಾಡುವ ಬಗೆ ಹೀಗೆ.

ಹಂತ 1: ಯಾರ ಹಣ, ಯಾರ ಕೆಲಸ?

ತಪ್ಪು ಮನೆಯಲ್ಲಿ ಕೇಳಿದ ಪ್ರಶ್ನೆಗೆ ‘ನಮಗೆ ಸಂಬಂಧಿಸಿದ್ದಲ್ಲ’ ಎಂಬ ಒಂದೇ ಸಾಲು ಸಿಗುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯನ್ನೇ ನೋಡಿ. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ಹಣ ಬರಲೇ ಇಲ್ಲ ಎಂದು ರಾಜ್ಯ ಸರ್ಕಾರ ಮತ್ತೆ ಮತ್ತೆ ದೂರಿದೆ. ಹಾಗಾದರೆ ಹಣ ಏಕೆ ಬಿಡುಗಡೆಯಾಗಿಲ್ಲ, ಯಾವ ಷರತ್ತು ಬಾಕಿ ಎಂಬ ಪ್ರಶ್ನೆ ಹೋಗಬೇಕಾದದ್ದು ಸಂಸತ್ತಿಗೆ, ಜಲಶಕ್ತಿ ಸಚಿವಾಲಯಕ್ಕೆ. ಅದನ್ನು ಕೇಳುವವರು ಸಂಸದರು. ಆದರೆ ಕಾಲುವೆಗೆ ಭೂಸ್ವಾಧೀನ ಎಲ್ಲಿ ನಿಂತಿದೆ, ಹೊಳಲ್ಕೆರೆ ತಾಲ್ಲೂಕಿನ ಯಾವ ಕೆರೆ ಯಾವಾಗ ತುಂಬುತ್ತದೆ ಎಂಬುದು ರಾಜ್ಯದ ವಿಶ್ವೇಶ್ವರಯ್ಯ ಜಲ ನಿಗಮದ ಬಾಬತ್ತು. ಅದು ವಿಧಾನಸಭೆಯ ಪ್ರಶ್ನೆ. ತಮಾಷೆಯೆಂದರೆ, 2024ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದ ಗೋವಿಂದ ಕಾರಜೋಳರು ಅದಕ್ಕೆ ಮೊದಲು ರಾಜ್ಯದಲ್ಲಿ ಜಲಸಂಪನ್ಮೂಲ ಸಚಿವರಾಗಿದ್ದವರು. ಉತ್ತರಿಸುತ್ತಿದ್ದ ಕುರ್ಚಿಯಿಂದ ಪ್ರಶ್ನಿಸುವ ಕುರ್ಚಿಗೆ ಬಂದವರು. ಇಂಥವರ ಹತ್ತಿರ ಅರ್ಧಂಬರ್ಧ ತಿಳಿದು ಹೋದರೆ ನಡೆಯುವುದಿಲ್ಲ.

ತುಮಕೂರು–ದಾವಣಗೆರೆ ರೈಲು ಮಾರ್ಗದಂಥ ಕೆಲಸದಲ್ಲಿ ಕೇಂದ್ರ, ರಾಜ್ಯ ಎರಡೂ ಹಣ ಹಾಕುತ್ತವೆ. ಅಲ್ಲಿ ಎರಡೂ ಕಡೆ ಕೇಳಬೇಕು. ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ ಎಂದುಕೊಂಡೇ ಕೇಳಿ.

ಹಂತ 2: ಕೇಳುವವರನ್ನು ಹುಡುಕಿ

ನಮ್ಮ ಶಾಸಕರನ್ನೇ ಕೇಳಿದರಾಯಿತಲ್ಲ ಎನ್ನಬೇಡಿ. ಸಚಿವರಾದವರು ಸದನದಲ್ಲಿ ಉತ್ತರಿಸುತ್ತಾರೆ, ಪ್ರಶ್ನೆ ಕೇಳುವುದಿಲ್ಲ. 2023ರಲ್ಲಿ ಹಿರಿಯೂರಿನಿಂದ ಗೆದ್ದ ಡಿ. ಸುಧಾಕರ್ ಯೋಜನೆ ಮತ್ತು ಸಾಂಖ್ಯಿಕ ಸಚಿವರಾದರು. ಜಿಲ್ಲೆಗೊಬ್ಬ ಮಂತ್ರಿ ಸಿಕ್ಕರೆಂದು ಸಂತೋಷ ಪಡುವಾಗಲೇ, ಹಿರಿಯೂರಿನ ಮತದಾರರಿಗೆ ಪ್ರಶ್ನೋತ್ತರ ವೇಳೆಯಲ್ಲಿ ತಮ್ಮ ಶಾಸಕರ ದನಿ ಇಲ್ಲದಾಯಿತು ಎಂಬುದು ಎಷ್ಟು ಜನರಿಗೆ ಹೊಳೆಯಿತೋ. ಇಂಥ ಕಡೆ ಪಕ್ಕದ ಕ್ಷೇತ್ರದ ಶಾಸಕರು, ವಿರೋಧ ಪಕ್ಷದವರು ಅಥವಾ ವಿಧಾನ ಪರಿಷತ್ತಿನ ಸದಸ್ಯರು ಬೇಕು. ನಮ್ಮ ಜಿಲ್ಲೆಗೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಸದಸ್ಯರಿದ್ದಾರೆ, ಆಗ್ನೇಯ ಪದವೀಧರ ಮತ್ತು ಆಗ್ನೇಯ ಶಿಕ್ಷಕರ ಕ್ಷೇತ್ರಗಳಿಂದ ಬಂದವರಿದ್ದಾರೆ. ಬೀದಿಯಲ್ಲಿ ಇವರ ಹೆಸರು ಕೇಳಿದರೆ ಹತ್ತರಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಮೇಲ್ಮನೆಯ ಪ್ರಶ್ನೆಗೂ ಕೆಳಮನೆಯ ಪ್ರಶ್ನೆಯಷ್ಟೇ ಬೆಲೆ ಇದೆ.

ಹಿಂದೆ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಸದಸ್ಯರೂ ಸಾಮಾನ್ಯ ಸಭೆಯಲ್ಲಿ ಅಧಿಕಾರಿಗಳನ್ನು ನಿಲ್ಲಿಸಿ ಕೇಳುತ್ತಿದ್ದರು. 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಾನುಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಹೀಗಾಗಿ ಊರಿನ ಸಣ್ಣಪುಟ್ಟ ಮೋರಿಯ ಪ್ರಶ್ನೆಗೂ ಶಾಸಕರ ಬಾಗಿಲೇ ಗತಿಯಾಯಿತು. ಇದು ಸಣ್ಣ ನಷ್ಟವಲ್ಲ.

ಹಂತ 3: ನಾಲ್ಕು ಅಂಕಿ ಕೈಯಲ್ಲಿರಲಿ

ಯಾವ ಕಾಮಗಾರಿಗೂ ನಾಲ್ಕು ಮೊತ್ತಗಳಿರುತ್ತವೆ: ಅಂದಾಜು, ಮಂಜೂರು, ಬಿಡುಗಡೆ, ವೆಚ್ಚ. ಭಾಷಣಗಳಲ್ಲಿ ಕೇಳಿಬರುವುದು ಮೊದಲೆರಡೇ. ‘ಇಷ್ಟು ಕೋಟಿ ಮಂಜೂರು ಮಾಡಿಸಿದ್ದೇನೆ’ ಎಂಬ ಫ್ಲೆಕ್ಸ್ ನೋಡಿದಾಗ ಬಿಡುಗಡೆ ಎಷ್ಟು, ಖರ್ಚು ಎಷ್ಟು ಎಂದು ಕೇಳಿ. ಪ್ರಶ್ನೆ ಹುಟ್ಟುವುದು ಆ ನಡುವಿನ ಅಂತರದಲ್ಲಿ.

ಅಂಕಿ ಸಿಗುವ ಜಾಗಗಳು ಹತ್ತಿರವೇ ಇವೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯ್ತಿಯ ಜಮಾಬಂದಿ ನಡೆಯಬೇಕು. ಲೆಕ್ಕದ ಪುಸ್ತಕಗಳನ್ನು ಜನರ ಮುಂದೆ ತೆರೆದಿಟ್ಟು, ಕಾಮಗಾರಿಗಳನ್ನು ಸ್ಥಳದಲ್ಲೇ ನೋಡುವ ಸಭೆ ಅದು. ಹೋಗುವವರು ಕಡಿಮೆ. ಹೋದರೆ ಬಿಲ್ಲು, ಅಳತೆ ಪುಸ್ತಕ ಕೇಳಿ ನೋಡಿ. ಅಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಇದೆ: 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಊರಿನ ಕಷ್ಟವನ್ನೆಲ್ಲ ಒಂದೇ ಅರ್ಜಿಯಲ್ಲಿ ತುಂಬಿದರೆ ತಿರಸ್ಕರಿಸಲು ನೀವೇ ಕಾರಣ ಕೊಟ್ಟಂತಾಗುತ್ತದೆ.

ಅಂಕಿ ಹಿಡಿದು ಕೇಳಿದರೆ ಎಲ್ಲಿಯವರೆಗೆ ಮುಟ್ಟಬಹುದು ಎಂಬುದಕ್ಕೆ ಒಂದು ಹಳೆಯ ಪ್ರಸಂಗ ಸಾಕು. 1957ರಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ, ಜೀವ ವಿಮಾ ನಿಗಮದ ಹಣ ಉದ್ಯಮಿ ಮುಂಧ್ರಾ ಅವರ ಕಂಪನಿಗಳ ಷೇರಿಗೆ ಹೋದದ್ದನ್ನು ಲೆಕ್ಕ ಸಮೇತ ಎತ್ತಿದರು. ಅವರು ಆಳುವ ಪಕ್ಷದವರೇ, ಪ್ರಧಾನಿಯ ಅಳಿಯ ಬೇರೆ. ವಿಚಾರಣೆ ನಡೆದು 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ‘ನಮ್ಮ ಶಾಸಕರು ಸರ್ಕಾರದ ಪಕ್ಷದವರು, ಹೇಗೆ ಕೇಳಿಯಾರು’ ಎನ್ನುವವರಿಗೆ ಇದನ್ನು ಹೇಳಿ.

ಹಂತ 4: ಪ್ರಶ್ನೆ ಬರೆಯಿರಿ

ಕೆಲಸವೆಲ್ಲ ಇಲ್ಲೇ ಇದೆ. ನಮ್ಮ ವಿಧಾನಸಭೆಯ ಉತ್ತರಗಳನ್ನು ತೆರೆದು ನೋಡಿದರೆ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ನಡುವೆ ಅ, ಆ, ಇ ಎಂಬ ಭಾಗಗಳು ಕಾಣುತ್ತವೆ. ಬಹಳಷ್ಟು ಪ್ರಶ್ನೆಗಳು ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಶುರುವಾಗುತ್ತವೆ. ಕೇಳಲು ಗೌರವದ ಮಾತು, ಆದರೆ ಅಧಿಕಾರಿಗೆ ತಪ್ಪಿಸಿಕೊಳ್ಳಲು ಕಿಂಡಿ. (ಅ) ಭಾಗಕ್ಕೆ ‘ಇಲ್ಲ’ ಎಂದುಬಿಟ್ಟರೆ (ಆ), (ಇ) ಎಲ್ಲಕ್ಕೂ ‘ಉದ್ಭವಿಸುವುದಿಲ್ಲ’ ಎಂದು ಬರೆದು ಫೈಲು ಮುಚ್ಚಬಹುದು. ‘ಬಂದಿದೆ’ ಎಂದರೂ ಬಹಳವೇನೂ ಸಿಕ್ಕಂತಾಗಲಿಲ್ಲ.

‘ಹೊಸದುರ್ಗ ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಗಮನಕ್ಕೆ ಬಂದಿದೆಯೇ?’ ಎನ್ನುವ ಬದಲು ಹೀಗೆ ಬರೆದು ನೋಡಿ:

(ಅ) ಹೊಸದುರ್ಗ ತಾಲ್ಲೂಕಿನಲ್ಲಿ ‘ಮನೆ ಮನೆಗೆ ಗಂಗೆ’ ಯೋಜನೆಯಡಿ 2021-22ನೇ ಸಾಲಿನಿಂದ ಈವರೆಗೆ ಮಂಜೂರಾದ ಕಾಮಗಾರಿಗಳು ಯಾವುವು. ಪ್ರತಿಯೊಂದಕ್ಕೂ ಬಿಡುಗಡೆಯಾದ ಹಾಗೂ ವೆಚ್ಚವಾದ ಮೊತ್ತವೆಷ್ಟು. (ಗ್ರಾಮವಾರು ವಿವರ ನೀಡುವುದು)
(ಆ) ಪೂರ್ಣಗೊಂಡಿವೆಯೆಂದು ಬಿಲ್ ಪಾವತಿಸಿರುವ ಕಾಮಗಾರಿಗಳ ಪೈಕಿ, ತಲಾ 55 ಲೀಟರ್ ನೀರು ಪ್ರತಿದಿನ ಪೂರೈಕೆಯಾಗದಿರುವ ಗ್ರಾಮಗಳು ಯಾವುವು;
(ಇ) ಸದರಿ ಗ್ರಾಮಗಳಿಗೆ ಯಾವ ದಿನಾಂಕದೊಳಗೆ ನೀರು ಪೂರೈಸಲಾಗುವುದು. ಲೋಪಕ್ಕೆ ಹೊಣೆಯಾದವರ ಮೇಲೆ ಕೈಗೊಂಡ ಕ್ರಮವೇನು?

ಇಲ್ಲಿ (ಅ), (ಆ) ಭಾಗಗಳು ತಮ್ಮ ಕಾಲ ಮೇಲೆ ತಾವೇ ನಿಲ್ಲುತ್ತವೆ, ‘ಇಲ್ಲ’ ಎಂಬ ಒಂದೇ ಮಾತಿಗೆ ಪ್ರಶ್ನೆಯೆಲ್ಲ ಬೀಳುವುದಿಲ್ಲ. ‘ಗ್ರಾಮವಾರು’ ಎಂಬ ಒಂದು ಪದ ಬಿಟ್ಟರೆ ಇಡೀ ತಾಲ್ಲೂಕಿಗೆ ಒಂದೇ ಒಟ್ಟು ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. 55 ಲೀಟರ್ ಎಂಬುದು ನಿಮ್ಮ ಆಸೆಯಲ್ಲ, ‘ಮನೆ ಮನೆಗೆ ಗಂಗೆ’ಗೆ ಆಧಾರವಾದ ಜಲಜೀವನ್ ಮಿಷನ್ ತಾನೇ ಹಾಕಿಕೊಂಡ ಅಳತೆ. ಸರ್ಕಾರದ ಅಳತೆಗೋಲಿನಿಂದಲೇ ಸರ್ಕಾರವನ್ನು ಅಳೆದರೆ ವಾದಕ್ಕೆ ಜಾಗವಿರದು.

ಬಿಡಬೇಕಾದ್ದೂ ಇದೆ. ನ್ಯಾಯಾಲಯದಲ್ಲಿರುವ ವಿಷಯ, ಯಾರದಾದರೂ ಹೆಸರು ಹಿಡಿದು ಮಾಡುವ ಆಪಾದನೆ, ‘ಸರ್ಕಾರದ ಅಭಿಪ್ರಾಯವೇನು’ ಎಂಬ ಧಾಟಿಯ ಮಾತು ಇವೆಲ್ಲ ವಿಧಾನಸಭೆಯ ಸಚಿವಾಲಯದಲ್ಲೇ ಬಿದ್ದುಹೋಗುತ್ತವೆ. ಸಿಟ್ಟಿದ್ದರೆ ಅಂಕಿಯಲ್ಲಿ ಕಾಣಲಿ, ವಿಶೇಷಣದಲ್ಲಿ ಬೇಡ.

ಹಂತ 5: ಚುಕ್ಕೆ ಬೇಕೋ ಬೇಡವೋ

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದುನಿಂತು ಉತ್ತರಿಸುತ್ತಾರೆ, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಎಲ್ಲರಿಗೂ ಚುಕ್ಕೆಯ ಮೇಲೆ ಆಸೆ, ಟಿ.ವಿ.ಯಲ್ಲಿ ಬರುತ್ತದಲ್ಲ! ನನ್ನ ಮಾತು ಕೇಳುವುದಾದರೆ, ಗ್ರಾಮವಾರು ಪಟ್ಟಿ ಬೇಕಿದ್ದಾಗ ಚುಕ್ಕೆ ಇಲ್ಲದ್ದನ್ನೇ ಹಾಕಿಸಿ. ದೊಡ್ಡ ಅನುಬಂಧ ಬರುವುದು ಅಲ್ಲಿ. ಚುಕ್ಕೆಯ ಪ್ರಶ್ನೆಗಳು ದಿನಕ್ಕೆ ಕೆಲವೇ, ಸರದಿ ಬರುವಷ್ಟರಲ್ಲಿ ಗದ್ದಲವೆದ್ದು ಪ್ರಶ್ನೋತ್ತರ ವೇಳೆ ಮುಗಿದಿರುತ್ತದೆ. ಲೋಕಸಭೆಯಲ್ಲಾದರೆ ದಿನಕ್ಕೆ ಚುಕ್ಕೆಯವು 20, ಇಲ್ಲದವು 230. ಅಲ್ಲಿ 15 ದಿನ ಮೊದಲೇ ಸೂಚನೆ ಕೊಡಬೇಕು. ವಿಧಾನಸಭೆಗೂ ಮುಂಚಿತ ಸೂಚನೆ ಬೇಕೇ ಬೇಕು. ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ವಾರವೇ ಕರಡನ್ನು ಶಾಸಕರ ಪಿ.ಎ. ಕೈಗೆ ಮುಟ್ಟಿಸಿ, ಜೊತೆಗೆ ದಾಖಲೆಯ ಜೆರಾಕ್ಸ್ ಇರಲಿ. ಬೆಳಗಾವಿ ಅಧಿವೇಶನಕ್ಕೆ ಎಲ್ಲರೂ ಹೊರಟುನಿಂತ ಹೊತ್ತಿಗೆ ಕೊಟ್ಟು ಪ್ರಯೋಜನವಿಲ್ಲ.

ಹಂತ 6: ಸದನ ಇಲ್ಲದಾಗ

2023ರ ಜುಲೈ ಕೊನೆಯಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಸಾವುಗಳಾದವು. ವಿಧಾನಸಭೆಯ ಅಧಿವೇಶನ ಜುಲೈ 21ಕ್ಕೇ ಮುಗಿದಿತ್ತು. ಮುಂದಿನದು ಡಿಸೆಂಬರ್ 4ಕ್ಕೆ, ಬೆಳಗಾವಿಯಲ್ಲಿ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ರಾಜ್ಯದಲ್ಲಿ 2005ರ ಕಾಯ್ದೆಯೇ ಇದೆ, ಪಾಲನೆಯಾಗುವುದು ಅಪರೂಪ. ಹಾಗಾಗಿ ತುರ್ತಿಗೆ ಬೇರೆ ಬಾಗಿಲು ತಿಳಿದಿರಬೇಕು. ಜಿಲ್ಲಾ ಉಸ್ತುವಾರಿ ಸಚಿವರ ತ್ರೈಮಾಸಿಕ ಕೆ.ಡಿ.ಪಿ. (ಪ್ರಗತಿ ಪರಿಶೀಲನಾ) ಸಭೆ, ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕೆ.ಡಿ.ಪಿ. ಸಭೆ, ಕೇಂದ್ರದ ಯೋಜನೆಗಳಿಗೆ ಸಂಸದರು ನಡೆಸುವ ದಿಶಾ ಸಭೆ. ಇಲ್ಲಿ ಎಂಜಿನಿಯರ್, ತಾಲ್ಲೂಕು ಆರೋಗ್ಯಾಧಿಕಾರಿ ಎದುರಿಗೇ ಕೂತಿರುತ್ತಾರೆ. ಬೈಗುಳದ ವೀಡಿಯೊ ಹರಿದಾಡುವುದೂ ಇಲ್ಲಿಂದಲೇ. ಆದರೆ ಬೈದದ್ದು ಕಡತಕ್ಕೆ ಹೋಗುವುದಿಲ್ಲ. ನಡಾವಳಿಯಲ್ಲಿ ಏನು ಬರೆದರು, ಹಿಂದಿನ ಸಭೆಯ ಅನುಪಾಲನಾ ವರದಿಯಲ್ಲಿ ಏನಿದೆ ಎಂದು ಕೇಳಿಸಿ.

ಇಂಥ ತುರ್ತು ಸದನ ನಡೆಯುತ್ತಿರುವಾಗಲೇ ಬಂದರೆ ಪ್ರಶ್ನೆಯ ಸರದಿಗೆ ಕಾಯಬೇಕಿಲ್ಲ. ವಿಧಾನಸಭೆಯಲ್ಲಿ ನಿಯಮ 73ರಡಿ ಗಮನ ಸೆಳೆಯುವ ಸೂಚನೆ, 351ರಡಿ ಪ್ರಸ್ತಾಪ, ದೊಡ್ಡ ಅನಾಹುತವಾದರೆ ನಿಯಮ 60ರ ನಿಲುವಳಿ ಸೂಚನೆ. ಈ ಕೊನೆಯದನ್ನು ಸಭಾಧ್ಯಕ್ಷರು ಅನೇಕ ಸಲ ನಿಯಮ 69ರ ಚರ್ಚೆಯಾಗಿ ಬದಲಿಸುತ್ತಾರೆ. ಶೂನ್ಯವೇಳೆಯಂತೂ ಇದ್ದೇ ಇದೆ.

ಹಂತ 7: ಉತ್ತರ ಓದಿ, ಬಿಡಬೇಡಿ

ಉತ್ತರಗಳು ವಿಧಾನಸಭೆಯ ಜಾಲತಾಣಕ್ಕೆ ಬರುತ್ತವೆ. ಅನುಬಂಧವನ್ನು ಮುದ್ರಿಸಿಕೊಂಡು ಗ್ರಾಮಸಭೆಗೆ ಒಯ್ಯಿರಿ. ‘ಪೂರ್ಣಗೊಂಡಿದೆ’ ಎಂದು ಬರೆದ ಬೀದಿಯ ನಲ್ಲಿಯನ್ನು ಅಲ್ಲೇ ಹತ್ತು ಜನರ ಎದುರು ತಿರುಗಿಸಿ, ಬಂದದ್ದನ್ನು ನಡಾವಳಿಯಲ್ಲಿ ಬರೆಸಿ. ಉತ್ತರ ತಪ್ಪಿದ್ದರೆ ಆ ನಡಾವಳಿಯ ಪ್ರತಿಯೊಂದಿಗೆ ಶಾಸಕರು ಅರ್ಧಗಂಟೆ ಚರ್ಚೆ ಕೇಳಬಹುದು.

‘ಪರಿಶೀಲನೆಯಲ್ಲಿದೆ’ ಹಾಗೂ ‘ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು’ ಎಂಬ ಎರಡು ಸಾಲು ಕಂಡರೆ ಇನ್ನೂ ಏನೂ ಆಗಿಲ್ಲ ಎಂದೇ ತಿಳಿಯಿರಿ, ಮುಂದಿನ ಅಧಿವೇಶನಕ್ಕೆ ದಿನಾಂಕ ಕೇಳುವ ಹೊಸ ಪ್ರಶ್ನೆ ಸಿದ್ಧ ಮಾಡಿ. ಸಚಿವರು ಸದನದಲ್ಲಿ ‘ಮಾಡಿಸಿಕೊಡುತ್ತೇನೆ’ ಎಂದಿದ್ದರೆ ಅದು ಭರವಸೆ. ಅದನ್ನು ಹಿಂಬಾಲಿಸಲು ಭರವಸೆಗಳ ಸಮಿತಿ ಇದೆ. ಪ್ರಶ್ನೆಯ ಸಂಖ್ಯೆ, ದಿನಾಂಕ, ಸಚಿವರು ಆಡಿದ ಮಾತು ಇವನ್ನು ಬರೆದು ಆ ಸಮಿತಿಯ ಗಮನಕ್ಕೆ ತರುವಂತೆ ನಿಮ್ಮ ಶಾಸಕರಿಗೆ ಪತ್ರ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.