ಮಾರ್ತಳ ಅಡುಗೆಮನೆ

ವಿದೇಶಕ್ಕೆ ಹೋಗಿಬಂದವರು ಚಾಕಲೇಟು ತರುತ್ತಾರೆ. ಒಳ್ಳೆಯ ಪಾಠವನ್ನೂ ತರಬಹುದು. ಫಿನ್‌ಲೆಂಡಿನ ಉತ್ತರ ಕರೇಲಿಯದಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೃದ್ರೋಗದಿಂದ ಬಹಳವಾಗಿ ಸಾಯುತ್ತಿದ್ದರು. 1972ರಲ್ಲಿ ಅಲ್ಲಿ ಆರೋಗ್ಯ ಚಳವಳಿ ಆರಂಭವಾಯಿತು. ಶುಭಸಂದೇಶದ ಮಾರ್ತಳ ಹೆಸರು ಹೊತ್ತ ಗೃಹಿಣಿಯರ ಸಂಘ ಊರೂರಿನಲ್ಲಿ ಬೆಣ್ಣೆ, ಉಪ್ಪು ತಗ್ಗಿಸಿ ತರಕಾರಿ ಹೆಚ್ಚಿಸುವ ಅಡುಗೆ ಕಲಿಸಿತು. ಅನೇಕರು ಸಿಗರೇಟು ಬಿಟ್ಟರು. ನಾಲ್ಕು ದಶಕಗಳಲ್ಲಿ ಅಂಥ ಸಾವುಗಳು ನೂರಕ್ಕೆ 80ಕ್ಕೂ ಹೆಚ್ಚು ಇಳಿದವು.

ಚಾಮರಾಜನಗರ, ಗುಂಡ್ಲುಪೇಟೆಯ ನಮಗೆ ರಾಗಿಮುದ್ದೆ, ಸೊಪ್ಪಿನ ಸಾರು ಹೊಸದೇನಲ್ಲ. ಆದರೆ ಉಪ್ಪಿನಕಾಯಿ, ಹಪ್ಪಳ, ಬೀಡಿ, ಹೊಗೆಸೊಪ್ಪೂ ನಮ್ಮಲ್ಲುಂಟು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಯಂದಿರೇ, ಈ ವಾರ ಉಪ್ಪನ್ನು ಅಳೆದು ಹಾಕಿ. ಗಂಡಸರೇ, ಸಪ್ಪೆಯೆಂದು ಗೊಣಗದೆ ಊಟ ಮಾಡಿ!