ನೀಹಾರಿಕೆ: ಖಾಲಿ ಜಾಗ ಹೊಳೆಯೋದು ಹೇಗೆ?

ನೆಬ್ಯುಲಾ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ವಾಲ್‌ಪೇಪರ್‌ನಲ್ಲಿರುವ ಬಣ್ಣಬಣ್ಣದ ಮೋಡ. ಕನ್ನಡದಲ್ಲಿ ಇದು ನೀಹಾರಿಕೆ. ‘ನೀಹಾರ’ ಅಂದ್ರೆ ಮಂಜು. ಹೆಸರು ಚೆನ್ನಾಗಿದೆ, ಆದ್ರೆ ಮಂಜಿನಷ್ಟು ದಟ್ಟಣೆ ಅಲ್ಲಿಲ್ಲ. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರ್‌ನಲ್ಲಿರುವ ಅಣುಗಳ ಸಂಖ್ಯೆ ಬರೆಯಲು 1ರ ಮುಂದೆ 19 ಸೊನ್ನೆ ಹಾಕಿದರೂ ಸಾಲದು. ಓರಿಯನ್ ನೀಹಾರಿಕೆಯಲ್ಲಿ ಅಷ್ಟೇ ಜಾಗಕ್ಕೆ ಕೆಲವು ಸಾವಿರ ಕಣಗಳು, ಅಷ್ಟೇ. ಹಾಗಾದ್ರೆ ಅದು ಕಾಣೋದು ಹೇಗೆ?

ಹುಟ್ಟುವ ನಕ್ಷತ್ರಗಳಿಂದ

ನಕ್ಷತ್ರಗಳ ನಡುವೆ ಹೈಡ್ರೋಜನ್, ಹೀಲಿಯಂ ಮತ್ತು ಸ್ವಲ್ಪ ಧೂಳು ಹರಡಿಕೊಂಡಿರುತ್ತೆ. ತಣ್ಣಗಿರುವ ಕಡೆ ಅನಿಲದ ಒತ್ತಡಕ್ಕಿಂತ ಗುರುತ್ವ ಜೋರಾದರೆ ಮೋಡ ಕುಸಿದು ನಕ್ಷತ್ರಗಳು ಹುಟ್ಟುತ್ತವೆ. ಅವುಗಳಲ್ಲಿ ತುಂಬಾ ಬಿಸಿಯಾದವು ಸೂಸುವ ಅತಿನೇರಳೆ ಕಿರಣಗಳು ಸುತ್ತಲಿನ ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತವೆ. ಅದು ಮತ್ತೆ ಸೇರಿಕೊಂಡು ಮೆಟ್ಟಿಲಿಳಿದಂತೆ ಕೆಳಗಿಳಿಯುವಾಗ 656 ನ್ಯಾನೋಮೀಟರ್‌ನ ಕೆಂಪು ಬೆಳಕು ಬರುತ್ತೆ. ಫಿಸಿಕ್ಸ್ ಪುಸ್ತಕದ ಬಾಮರ್ ಸರಣಿಯ ಮೊದಲ ಗೆರೆ ಇದೇ!

ಸಾಯುವ ನಕ್ಷತ್ರಗಳಿಂದ

ಸೂರ್ಯನಂಥ ನಕ್ಷತ್ರ ಕೊನೆಗಾಲದಲ್ಲಿ ಉಬ್ಬಿ, ಹೊರಪದರಗಳನ್ನು ಕಳಚಿಕೊಳ್ಳುತ್ತೆ. ಉಳಿದ ಬಿಸಿ ತಿರುಳು ಆ ಅನಿಲವನ್ನು ಬೆಳಗಿಸುತ್ತೆ. ಇದನ್ನು ಗ್ರಹೀಯ ನೀಹಾರಿಕೆ ಅಂತಾರೆ. ಗ್ರಹಕ್ಕೂ ಇದಕ್ಕೂ ಸಂಬಂಧವಿಲ್ಲ, ಹಳೆಯ ದೂರದರ್ಶಕಗಳಲ್ಲಿ ಗ್ರಹದಂತೆ ದುಂಡಗೆ ಕಂಡಿತ್ತು ಅಷ್ಟೇ. ಭಾರಿ ನಕ್ಷತ್ರಗಳು ಸ್ಫೋಟಿಸುತ್ತವೆ. 1054ರಲ್ಲಿ ಚೀನಾದವರು ದಾಖಲಿಸಿದ ಸ್ಫೋಟದ ಅವಶೇಷವೇ ಇಂದಿನ ಏಡಿ ನೀಹಾರಿಕೆ.

ಹಸಿರು ಗೆರೆಯ ಒಗಟು

1864ರಲ್ಲಿ ವಿಲಿಯಂ ಹಗ್ಗಿನ್ಸ್ ಒಂದು ನೀಹಾರಿಕೆಯ ಬೆಳಕಿನಲ್ಲಿ ಹಸಿರು ಗೆರೆ ಕಂಡರು. ಅದು ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಹೊಸ ಧಾತುವೇ ಇರಬೇಕು ಅಂತ ಅದಕ್ಕೆ ‘ನೆಬ್ಯುಲಿಯಂ’ ಅನ್ನೋ ಹೆಸರೂ ಬಂತು. 1927ರಲ್ಲಿ ಐರಾ ಬೋವೆನ್ ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಮಾಮೂಲಿ ಆಮ್ಲಜನಕ ಅಂತ ತೋರಿಸಿದರು. ಲ್ಯಾಬ್‌ನಲ್ಲಿ ಯಾಕೆ ಕಾಣಲ್ಲ? ಅಲ್ಲಿ ಈ ಬೆಳಕು ಬಿಡುವ ಮೊದಲೇ ಪರಮಾಣು ಇನ್ನೊಂದಕ್ಕೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತೆ. ನೀಹಾರಿಕೆಯಲ್ಲಿ ಡಿಕ್ಕಿಯೇ ಅಪರೂಪ. ಅಂದ್ರೆ, ಜಾಗ ಖಾಲಿ ಇರೋದರಿಂದಲೇ ಆ ಹಸಿರು.

ನಮ್ಮ ಪಕ್ಕದ ಏರಿಯಾದವರು ಕಂಡದ್ದು

ವಿಲ್ಸನ್ ಗಾರ್ಡನ್‌ನಿಂದ ಕೋರಮಂಗಲ ಎಷ್ಟು ದೂರ? ಅಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ತಯಾರಾದ ಯುವಿಟ್ ಎಂಬ ಅತಿನೇರಳೆ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಜೊತೆ ಮೇಲೇರಿತು. ಈ ಕಿರಣಗಳನ್ನು ಭೂಮಿಯ ವಾತಾವರಣ ತಡೆಯೋದರಿಂದ ಮೇಲಕ್ಕೆ ಹೋಗಲೇಬೇಕು. ವೃಶ್ಚಿಕ ರಾಶಿಯ ಚಿಟ್ಟೆ ನೀಹಾರಿಕೆಯನ್ನು ಅದರಲ್ಲಿ ನೋಡಿದಾಗ, ನಮಗೆ ಗೊತ್ತಿದ್ದ ರೆಕ್ಕೆಗಳಾಚೆ ಇನ್ನೂ ದೂರ ಚಾಚಿದ ಮಸುಕಾದ ರೆಕ್ಕೆಗಳು ಸಿಕ್ಕವು. 2018ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಅವು ಸುಮಾರು 2,200 ವರ್ಷಗಳ ಹಿಂದಿನ ದೊಡ್ಡ ಸ್ಫೋಟಕ್ಕಿಂತ ಮೊದಲೇ ಹೊರಬಿದ್ದ ಅನಿಲ ಇರಬಹುದು. ಎಷ್ಟೋ ಸಲ ಫೋಟೋ ತೆಗೆದಿದ್ದ ನೀಹಾರಿಕೆಯ ಹಳೆಯ ಕಥೆ ಆವರೆಗೂ ಯಾರಿಗೂ ಕಂಡಿರಲಿಲ್ಲ.

ನೀವೂ ನೋಡಿ

ಜನವರಿ ರಾತ್ರಿ ಟೆರೇಸ್ ಹತ್ತಿ. ಮಹಾವ್ಯಾಧನ ಸೊಂಟದಲ್ಲಿ ಸಾಲಾಗಿರುವ ಮೂರು ನಕ್ಷತ್ರಗಳ ಕೆಳಗೆ ತೂಗುವ ಕತ್ತಿಯತ್ತ ಬೈನಾಕ್ಯುಲರ್ ಹಿಡಿಯಿರಿ. ವಾಲ್‌ಪೇಪರ್‌ನ ಬಣ್ಣ ಕಾಣಲ್ಲ, ಬೂದು ಮಸುಕು ಕಾಣುತ್ತೆ. ಬೇಜಾರಾಗಬೇಡಿ: ಆ ಬೆಳಕು ಅಲ್ಲಿಂದ ಹೊರಟಾಗ ಇಲ್ಲಿ ಬಾದಾಮಿ ಚಾಲುಕ್ಯರು ಆಳುತ್ತಿದ್ದರು.